ಹೂಬಳ್ಳಿಯ ಮೇಲೆ ಬಿಟ್ಟ ಸುಳ್ಳು

ಬನಹಟ್ಟಿಯ ನೇಕಾರರ ಓಣಿಯಲ್ಲಿ ವೈಶಾಖದ ಬಿಸಿಲಿಗೂ ಹೂ ಬಿಡುವ ಮನೆ ಒಂದೇ ಇತ್ತು, ಅದು ಗಿರಿಮಲ್ಲಪ್ಪನದು. ಬೆಳೆಸಿದವಳು ಸೊಸೆ ತಾರವ್ವ, ಹೆಸರು ಮಾತ್ರ ಮಾವನದು. ಇದೇನು ಆ ಓಣಿಯೊಂದರ ನ್ಯಾಯವಲ್ಲ ಬಿಡಿ.

ಅವಳು ಬಳ್ಳಿ ಹಚ್ಚಿದ್ದು ಮುಡಿಗೆ ಹೂ ಬೇಕೆಂದಲ್ಲ. ಮಗ್ಗದ ಕೋಣೆಯ ಪಡುವಣ ಗೋಡೆಗೆ ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ ಬಿಸಿಲು. ಒಳಗೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಒಣಗಿ ಪಟಪಟನೆ ಹರಿಯುತ್ತಿದ್ದವು. ಗಂಡ ಮುರಗೆಪ್ಪ ನೇಯುವುದಕ್ಕಿಂತ ಹರಿದ ಎಳೆ ಕೂಡಿಸುವುದರಲ್ಲೇ ದಿನ ಕಳೆಯುತ್ತಿದ್ದ. ಗೋಡೆಗೆ ಹಸಿರು ಹಬ್ಬಿಸೋಣವೆಂದರೆ ಅಂಗಳವೆಲ್ಲ ಬಂಡೆ, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಹಾಗಾಗಿ ತಾರವ್ವ ಸೀಳು ಬಿಟ್ಟ ಹಳೆಯ ಮಣ್ಣಿನ ಹರವಿಗಳನ್ನು ಹಿತ್ತಲಿಂದ ಹೊರತಂದಳು. ನೀರು ನಿಲ್ಲದ ಹರವಿ ಬೇರಾವ ಕೆಲಸಕ್ಕೂ ಬಾರದು, ಆದರೆ ಗಿಡಕ್ಕೆ ಬೇಕಾದದ್ದು ಅದೇ.

ಮೊದಲ ವರ್ಷ ಮಲ್ಲಿಗೆ ಹಚ್ಚಿದಳು. ಶಿವರಾತ್ರಿಗೆ ಚಿಗುರಿದ್ದು ಯುಗಾದಿಗೆ ಹಪ್ಪಳವಾಯಿತು. ಜಮಖಂಡಿಯ ಒಂದು ಬಂಗಲೆಯ ತೋಟದಲ್ಲಿ ಕೆಲಸಕ್ಕಿದ್ದ ಅವಳ ಸೋದರಮಾವ ಶಿದ್ರಾಮಪ್ಪ ಅದನ್ನು ಕೇಳಿ ನಕ್ಕ. ಬಿಸಿಲಿಗೆ ಹುಟ್ಟಿದ ಬಳ್ಳಿಗಳೇ ಬೇರೆ ಇರುತ್ತವೆ ಎಂದು ಮಧುಮಾಲತಿಯ ಮತ್ತು ಕಾಗದದ ಹೂವಿನ ಕಡ್ಡಿಗಳನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಕೊಟ್ಟ, ಜೊತೆಗೆ ಒಂದು ಹಿಡಿ ಶಂಖಪುಷ್ಪದ ಬೀಜ. ಹರವಿಯ ತಳಕ್ಕೆ ತೂತು ಹೊಡೆದು ಒಡೆದ ಮಡಕೆಯ ಬೋಕಿ ಹಾಕು, ಮಣ್ಣಿಗೆ ಮೂರರಲ್ಲಿ ಒಂದು ಪಾಲು ಉಸುಕು ಬೆರೆಸು, ಹೊರಮೈಗೆ ಸುಣ್ಣ ಬಳಿ, ಇಲ್ಲದಿದ್ದರೆ ಹರವಿ ಕಾದು ಬೇರು ಬೇಯುತ್ತದೆ ಎಂದು ಹೇಳಿಕೊಟ್ಟ. ನೀರು ಹೊತ್ತು ಹುಟ್ಟುವ ಮೊದಲು ಮಾತ್ರ ಎಂದೂ ಎಚ್ಚರಿಸಿದ.

ಉಳಿದದ್ದು ತಾರವ್ವನದೇ ತಲೆ. ಮಗ್ಗದ ಕೆಳಗೆ ಬಿದ್ದ ನೂಲಿನ ಚಿಂದಿಯನ್ನು, ಎಳೆಗೆ ಹಚ್ಚಿದ ಗಂಜಿ ಸಮೇತ, ತಂದು ಮಣ್ಣಿನ ಮೇಲೆ ಗೇಣುದಪ್ಪ ಹಾಸಿದಳು. ಬೆಳಿಗ್ಗೆ ಹಾಕಿದ ನೀರು ಸಂಜೆಯವರೆಗೂ ಅದರಡಿ ತಣ್ಣಗೆ ಇರುತ್ತಿತ್ತು. ಹಾಸಿನ ಉಳಿದ ತುದಿಗಳನ್ನು ಹೊಸೆದು ಹಗ್ಗ ಮಾಡಿ ಮಾಳಿಗೆಗೆ ಎಳೆದು ಕಟ್ಟಿದಳು. ಮೂರನೆಯ ಬೇಸಿಗೆಗೆ ಐದು ಹರವಿಗಳ ಬಳ್ಳಿ ಗೋಡೆ ತುಂಬಿತು. ಮಧುಮಾಲತಿ ಬೆಳ್ಳಗೆ ಅರಳಿ, ಮರುದಿನ ಗುಲಾಬಿಯಾಗಿ, ಮೂರನೆಯ ದಿನಕ್ಕೆ ಕೆಂಪಾಗುತ್ತಿತ್ತು. ಒಳಗೆ ಎಳೆ ಹರಿಯುವುದು ಕಡಿಮೆಯಾಯಿತು. ಮುರಗೆಪ್ಪ ಒಂದು ದಿನ ಛಲೋ ಆತು ಎಂದ. ಅವನ ಬಾಯಿಂದ ಅಷ್ಟು ಹೊರಬಂದರೆ ಅದು ಹಬ್ಬದೂಟಕ್ಕೆ ಸಮ.

ಆ ಚೈತ್ರದಲ್ಲಿ ನೀಲಿ ಬಾನಿ ಕೆಟ್ಟಿತು.

ಅಂಗಳದ ಮೂಲೆಯ ಚಪ್ಪರದಡಿ ಕುತ್ತಿಗೆಯವರೆಗೆ ನೆಲದಲ್ಲಿ ಹೂತ ದೊಡ್ಡ ಬಾನಿ ಅದು. ಗಿರಿಮಲ್ಲಪ್ಪನ ಅಪ್ಪನ ಕಾಲದ್ದು. ನೀಲಿ, ಸುಣ್ಣ, ಬೆಲ್ಲ ಹಾಕಿ ಹುದುಗಿಸಿದ ನೀರಲ್ಲಿ ನೂಲು ಅದ್ದಿದರೆ ಬಣ್ಣ ಹಿಡಿಯುತ್ತಿತ್ತು. ಮುಧೋಳ ಕಡೆಯ ಗಾಣದಲ್ಲಿ ನೀರು ಕುಡಿದು ಕೆಟ್ಟ ಬೆಲ್ಲವೇ ಅದಕ್ಕೆ ಒಳ್ಳೆಯ ಮೇವು. ಗಿರಿಮಲ್ಲಪ್ಪ ಬಾನಿಯನ್ನು ಮನೆಯ ಹಿರಿಯನ ಹಾಗೆ ನೋಡುತ್ತಿದ್ದ, ಉಂಡಿತು, ಮಲಗಿತು, ಸಿಟ್ಟಾಯಿತು ಎಂದೇ ಮಾತನಾಡುತ್ತಿದ್ದ. ಹೆಂಗಸರು ಅದರ ಮುಚ್ಚಳ ಎತ್ತುವಂತಿರಲಿಲ್ಲ. ಸೊಸೆಯಾಗಿ ಬಂದು ಆರು ವರ್ಷವಾದರೂ ತಾರವ್ವ ಅದರೊಳಗೆ ಒಮ್ಮೆಯೂ ಇಣುಕಿರಲಿಲ್ಲ.

ಅದ್ದಿದ ನೂಲು ಬೂದಿಬಣ್ಣವಾಗಿ ಮೇಲೆ ಬಂತು, ತೊಳೆದರೆ ಅದೂ ಹರಿದು ಹೋಯಿತು. ಗಿರಿಮಲ್ಲಪ್ಪ ಎರಡು ಹೊತ್ತು ಉಣ್ಣಲಿಲ್ಲ. ಮೂರನೆಯ ಹೊತ್ತಿಗೆ ರುಮಾಲು ಸುತ್ತಿಕೊಂಡು ಊರಲ್ಲಿ ಸುಳ್ಳು ಬಿಡಲು ಹೊರಟ.

ಅದು ಅವರ ಮನೆತನದ ಪದ್ಧತಿ. ಬಾನಿ ಕೆಟ್ಟರೆ ಊರಲ್ಲಿ ಒಂದು ಸುಳ್ಳು ಬಿಡಬೇಕು. ಎಷ್ಟು ಜನ ನಂಬುತ್ತಾರೋ ಅಷ್ಟು ಬಾನಿಗೆ ಜೀವ ಬರುತ್ತದೆ. ಸುಳ್ಳು ಬಿಟ್ಟ ಮೇಲೆ ಏಳು ದಿನ ಮುಚ್ಚಳ ತೆಗೆಯಬಾರದು. ಬಣ್ಣ ಮರಳುವ ಮೊದಲು ಆ ಮಾತನ್ನು ಹಿಂದೆ ತೆಗೆದುಕೊಂಡರೆ ಬಾನಿ ಒಡೆಯುತ್ತದೆ, ಮನೆಯ ಗಂಡುಮಗ ಉಳಿಯುವುದಿಲ್ಲ. ಗಿರಿಮಲ್ಲಪ್ಪನ ಅಪ್ಪ ಒಮ್ಮೆ ಹಿಪ್ಪರಗಿಯ ಹೊಳೆಗೆ ಬಳೆ ತೊಟ್ಟ ಮೊಸಳೆ ಬಂದಿದೆ ಎಂದು ಹಬ್ಬಿಸಿದ್ದನಂತೆ. ಜನ ಬುತ್ತಿ ಕಟ್ಟಿಕೊಂಡು ಚಕ್ಕಡಿ ಹೂಡಿಕೊಂಡು ಹೋಗಿ ಬಂದಿದ್ದರಂತೆ. ಆ ವರ್ಷದ ನೀಲಿಯ ಹಾಗೆ ಮತ್ತೆ ಬಂದಿಲ್ಲ ಎಂದು ಗಿರಿಮಲ್ಲಪ್ಪ ಈಗಲೂ ಹೇಳುತ್ತಿದ್ದ.

ಅವನು ತನ್ನ ಸುಳ್ಳನ್ನು ಬಿಟ್ಟದ್ದು ಹಡಪದನ ಕಟ್ಟೆಯಲ್ಲಿ. ಗಡ್ಡ ಕೆರೆಯುತ್ತಿದ್ದ ಹಡಪದ, ಊರೆಲ್ಲ ಒಣಗಿದರೂ ನಿಮ್ಮ ಬಳ್ಳಿ ಹ್ಯಾಗೆ ಹೂ ಬಿಡುತ್ತವೆ ಎಂದು ಕೇಳಿದ್ದೇ ತಡ, ಗಿರಿಮಲ್ಲಪ್ಪನಿಗೆ ಸುಳ್ಳು ಹೊಳೆಯಿತು. ನಮ್ಮ ಸೊಸೆ ಮುಂಜಾನೆ ಸಂಜೆ ಬುಡಕ್ಕೆ ಭಟ್ಟಿಯ ಸೆರೆ ಹೊಯ್ಯುತ್ತಾಳೆ, ಅದಕ್ಕೇ ಹೂವಿಗೆ ಅಷ್ಟು ಅಮಲು ಎಂದುಬಿಟ್ಟ. ಮನೆಗೆ ಬಂದು ಹೇಳಿದಾಗ ತಾರವ್ವನಿಗೂ ನಗು ತಡೆಯಲಿಲ್ಲ. ಅವಳು ಆ ಮಾತಿಗೆ ನಕ್ಕದ್ದು ಅದೊಂದೇ ಸಲ.

ಆಗ ಆ ಸೀಮೆಯನ್ನು ಆಳುತ್ತಿದ್ದ ಮುಂಬೈ ಸರಕಾರ ದಾರೂಬಂದಿ ಹೇರಿ, ಸೆರೆ ಸಿಕ್ಕವರನ್ನು ಜೈಲಿಗೆ ಒಯ್ಯತೊಡಗಿ ಎರಡು ವರ್ಷವಾಗಿತ್ತು. ಸುಳ್ಳಿನ ಮೋಜಿನಲ್ಲಿ ಮುದುಕನಿಗೆ ಅದರ ನೆನಪೇ ಆಗಲಿಲ್ಲ.

ಮಾತು ಪಕ್ಕದ ರಬಕವಿಗೆ ಹೋಗಿ ಎರಡೇ ದಿನಕ್ಕೆ ಮೈತುಂಬಿಕೊಂಡು ತಿರುಗಿ ಬಂತು. ಬಾವಿಯ ಹತ್ತಿರ ನೆರೆಮನೆಯ ಪದ್ಮವ್ವ ಕೊಡ ಇಳಿಸಿ, ಅತ್ತ ಇತ್ತ ನೋಡಿ, ನಿಮ್ಮ ಹರವಿಗಳಲ್ಲಿ ಮೇಲೆ ಮಾತ್ರ ಮಣ್ಣಂತೆ, ಕೆಳಗೆಲ್ಲ ಸೆರೆಯಂತೆ, ಖರೆಯೇನು ಎಂದು ಕೇಳಿದಳು. ತಾರವ್ವ ಸುಳ್ಳೆಂದಳು. ಹೌದೆಂದು ಯಾರು ಹೇಳುತ್ತಾರೆ ತಂಗಿ ಎಂದು ಪದ್ಮವ್ವ ಕೊಡ ಎತ್ತಿಕೊಂಡಳು. ಆರು ವರ್ಷ ಒಂದೇ ಗೋಡೆಯ ಆಚೀಚೆ ಬದುಕಿದವಳು ಅವಳು. ಅವಳೇ ನಂಬಿದ್ದಾಳೆ ಎಂದಾಗ ತಾರವ್ವನಿಗೆ ಮೊದಲ ಸಲ ಹೆದರಿಕೆಯಾಯಿತು.

ಹೆದರಲು ಕಾರಣವೂ ಇತ್ತು. ಹುನ್ನೂರಿನ ಕುರುಬರ ಜಕ್ಕಪ್ಪನ ಮನೆಯಲ್ಲಿ ಪೊಲೀಸರಿಗೆ ಸೆರೆ ಸಿಕ್ಕಿರಲಿಲ್ಲ, ಕೊಳೆತ ಬೆಲ್ಲ ಸಿಕ್ಕಿತ್ತು, ಅಷ್ಟೇ. ಕೆಟ್ಟ ಬೆಲ್ಲ ಇಟ್ಟುಕೊಂಡವನು ಭಟ್ಟಿ ಹಚ್ಚುವವನೇ ಎಂದು ಅವನನ್ನು ಒಯ್ದರು. ಆರು ತಿಂಗಳಿಗೆ ತಿರುಗಿ ಬಂದವನಿಗೆ ಕುರಿಯ ಹಿಂದೆ ನಾಲ್ಕು ಹೆಜ್ಜೆ ಓಡಲು ಉಸಿರಿರಲಿಲ್ಲ. ಇಲ್ಲಿ ಇವರ ಮಗ್ಗದ ಕೋಣೆಯ ಗೂಡಿನಲ್ಲಿ ಬಾನಿಗೆಂದು ತಂದು, ಮುಚ್ಚಳ ತೆಗೆಯುವಂತಿಲ್ಲದೆ ಉಳಿದ ಕೆಟ್ಟ ಬೆಲ್ಲದ ಎರಡು ಪೆಂಟಿ ಕೂತಿದ್ದವು. ಪೊಲೀಸರು ಹರವಿ ನೋಡಲು ಬಂದು ಗೂಡು ನೋಡಿದರೆ ಮುರಗೆಪ್ಪನ ಗತಿ ಮುಗಿದಂತೆ.

ಅವಳು ಗಂಡನಿಗೆ ಹೇಳಿದಳು. ಅವನು ಲಾಳಿ ಒಗೆಯುವುದನ್ನು ನಿಲ್ಲಿಸದೆ, ಅದು ಅಪ್ಪನ ವಿಚಾರ ಎಂದ. ಮಾವನಿಗೆ ಎದುರು ಮಾತಾಡಿದವಳಲ್ಲ ತಾರವ್ವ. ಆದರೂ ಆ ದಿನ ರೊಟ್ಟಿ ಬಡಿಸಿ ಬಾಗಿಲ ಹತ್ತಿರ ನಿಂತುಕೊಂಡಳು.

"ಮಾವಾರ, ನಿಮ್ಮ ಕಾಲಿಗೆ ಬೀಳ್ತೀನಿ. ಆ ಮಾತು ಸುಳ್ಳಂತ ಕಟ್ಟಿಮ್ಯಾಲೆ ಒಮ್ಮಿ ಹೇಳಿಬರ್ರಿ. ಪೊಲೀಸರು ಬಂದ್ರ ಇವರನ್ನ ಒಯ್ತಾರ್ರಿ."

ಗಿರಿಮಲ್ಲಪ್ಪ ತುತ್ತು ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅವಳಿಗೆ ಇನ್ನಷ್ಟು ಭಯವಾಯಿತು.

"ಹಿಂದ ತಗೊಂಡ್ರ ಬಾನಿ ಒಡೀತೈತವ್ವಾ. ಬಾನಿ ಒಡದ್ರ ನನ್ನ ಮಗಾ ಉಳಿಯಂಗಿಲ್ಲ. ಪೊಲೀಸರು ಒಯ್ದ್ರ ತಿರುಗಿ ಬರ್ತಾನ. ಅದು ಒಯ್ದ್ರ ಬರಂಗಿಲ್ಲ."

ಅವಳು ಹೆದರಿದ್ದೂ ಮುರಗೆಪ್ಪನಿಗಾಗಿ, ಮುದುಕ ಹೆದರಿದ್ದೂ ಮುರಗೆಪ್ಪನಿಗಾಗಿ. ಇಬ್ಬರ ಹೆದರಿಕೆಯ ನಡುವೆ ಸಿಕ್ಕಿಬಿದ್ದವನು ಒಳಗೆ ಕೂತು ಟಕಟಕ ನೇಯುತ್ತಿದ್ದ.

ಮರುದಿನ ಬೆಳಿಗ್ಗೆ ಅವಳು ನೀರು ಹಾಕುವಾಗ ಓಣಿಯಲ್ಲಿ ಒಬ್ಬ ನಿಂತ. ತಲೆಯ ಮೇಲೆ ಟೊಪ್ಪಿಗೆ ಇರಲಿಲ್ಲ, ಆದರೆ ಚಡ್ಡಿ ಪೊಲೀಸರ ಖಾಕಿಯದು. ಕುಡಿಯಲು ನೀರು ಕೇಳಿದ. ಅವಳು ತಂಬಿಗೆ ತರುವಷ್ಟರಲ್ಲಿ ಅವನು ಎರಡನೆಯ ಹರವಿಯ ಚಿಂದಿಯನ್ನು ಬೆರಳಿಂದ ಸರಿಸಿ ಮೂಸುತ್ತಿದ್ದ. ಗಂಜಿ ನೂಲು ಬಿಸಿಲಿಗೆ ಹುಳಿತು ನಾರುವುದು ಅವಳಿಗೆ ಎಂದೋ ರೂಢಿಯಾಗಿತ್ತು. ಅದು ಬೇರೆಯವರ ಮೂಗಿಗೆ ಏನೆಂದು ಹೊಡೆಯುತ್ತದೆ ಎಂದು ಆ ಗಳಿಗೆಯಲ್ಲಿ ತಿಳಿಯಿತು. ಯಾವ ಗೊಬ್ಬರ ಹಾಕುತ್ತೀ ಎಂದು ಅವನು ಕೇಳಿದ. ಸಗಣಿ ಎಂದಳು. ಅವನು ತಂಬಿಗೆಯ ನೀರು ಮುಟ್ಟದೆ ಹೋದ.

ಆ ದಿನ ಗಂಡಸರಿಬ್ಬರೂ ನೇಯ್ದ ಸೀರೆ ಹೊತ್ತು ಪೇಟೆಗೆ ಹೋದದ್ದು ಅವಳ ಪುಣ್ಯವೋ ಪಾಪವೋ. ಬಾಗಿಲ ಅಗಳಿ ಹಾಕಿ ಗೂಡಿನಿಂದ ಬೆಲ್ಲ ಇಳಿಸಿದಳು. ಕರಗಿ, ಕಪ್ಪಾಗಿ, ಕೈಗೆ ಅಂಟುತ್ತಿತ್ತು. ಬಾವಿಗೆ ಒಗೆಯೋಣವೆಂದರೆ ಅಲ್ಲಿ ಹೆಂಗಸರು. ಒಲೆಗೆ ಹಾಕಿದರೆ ವಾಸನೆ ಓಣಿ ತುಂಬುತ್ತದೆ. ಹರವಿಯ ಮಣ್ಣಲ್ಲಿ ಹುಗಿಯೋಣವೆಂದುಕೊಂಡು ಎರಡು ಹೆಜ್ಜೆ ಹೋದವಳು ತನ್ನ ಬುದ್ಧಿಗೆ ತಾನೇ ಬೆಚ್ಚಿದಳು. ಅವರು ಮೊದಲು ಅಗೆಯುವುದೇ ಅಲ್ಲಿ. ಪದ್ಮವ್ವನ ಮನೆಯ ನೆನಪು ಬಂತು, ಬಾವಿಯ ಹತ್ತಿರ ಅವಳು ಕೊಡ ಎತ್ತಿಕೊಂಡ ರೀತಿಯೂ ನೆನಪಾಯಿತು.

ಉಳಿದದ್ದು ಬಾನಿ. ಬೆಲ್ಲ ಕರಗಿ ಕಾಣದಂತಾಗುವ ಜಾಗ ಆ ಮನೆಯಲ್ಲಿ ಅದೊಂದೇ.

ಮುಚ್ಚಳದ ಮೇಲೆ ಕೈ ಇಟ್ಟು ಎಷ್ಟು ಹೊತ್ತು ನಿಂತಳೋ ಅವಳಿಗೇ ತಿಳಿಯದು. ಆಗ ಪೊಲೀಸರ ಭಯಕ್ಕಿಂತ ಬಾನಿಯ ಭಯವೇ ದೊಡ್ಡದಾಯಿತು. ಹೆಣ್ಣು ಮುಟ್ಟಿ, ಏಳು ದಿನ ತುಂಬುವ ಮೊದಲೇ ತೆರೆದು ಇದು ಒಡೆದರೆ, ಗಂಡನನ್ನು ತಾನೇ ಕೊಂದಂತೆ. ತಪ್ಪಾತಪ್ಪಾ, ಇದನ್ನೇ ಉಣ್ಣು, ಅವರನ್ನು ಬಿಡು ಎಂದು ಬಾಯಲ್ಲೇ ಅಂದುಕೊಂಡು ಮುಚ್ಚಳ ಸರಿಸಿದಳು. ಒಳಗೆ ಕತ್ತಲೆ ನೀರು ಸತ್ತಂತೆ ಬಿದ್ದಿತ್ತು. ಬೆಲ್ಲ ಮುರಿದು ಹಾಕಿ, ಗೋಡೆಗೆ ಆನಿಸಿದ್ದ ಕೋಲಿನಿಂದ ತಳದ ಗಸಿ ಏಳುವ ತನಕ ತಿರುವಿ, ಮುಚ್ಚಿ, ಕೈ ಮೂರು ಸಲ ತೊಳೆದಳು. ಯಾರಿಗೂ ಹೇಳಲಿಲ್ಲ. ಮುಂದಿನ ಮೂರು ದಿನ ಮುರಗೆಪ್ಪ ಕೆಮ್ಮಿದರೆ ಸಾಕು, ಅವಳು ಎದ್ದು ಬಾನಿಯ ಕಡೆ ನೋಡುತ್ತಿದ್ದಳು.

ನಾಲ್ಕನೆಯ ದಿನ ಹೊತ್ತು ಮಾರುದ್ದ ಏರುವಷ್ಟರಲ್ಲಿ ಅವರು ಬಂದರು. ಒಬ್ಬ ಹವಾಲ್ದಾರ, ಇಬ್ಬರು ಪೊಲೀಸರು, ಸಾಕ್ಷಿಗೆ ಪಂಚರೆಂದು ಓಣಿಯಿಂದಲೇ ಹಿಡಿದು ತಂದ ಇಬ್ಬರು. ಮನೆಯ ಯಜಮಾನ ಯಾರು ಎಂದರು. ಗಿರಿಮಲ್ಲಪ್ಪ ಮುಂದೆ ಬಂದ. ದುಡಿಯುವವನು ಬೇಕು ಎಂದು ಮುರಗೆಪ್ಪನನ್ನು ಮಗ್ಗದ ಕುಣಿಯಿಂದ ಎಬ್ಬಿಸಿ ತಂದರು.

ಮೊದಲ ಹರವಿಗೆ ಕಬ್ಬಿಣದ ಸಲಾಕಿ ಚುಚ್ಚಿದರು. ತಳಕ್ಕೆ ಬೋಕಿ ತಾಗಿ ಖಣ್ ಎಂದಿತು. ಒಳಗೆ ಇನ್ನೊಂದು ಪಾತ್ರೆ ಇದೆ ಎಂದು ಹವಾಲ್ದಾರ ಒದ್ದು ಉರುಳಿಸಿದ. ಹರವಿ ಒಡೆದು ಕಾಗದದ ಹೂವಿನ ಬೇರು ಬಿಸಿಲಿಗೆ ಬಿತ್ತು. ಎರಡನೆಯದು ಒಡೆಯಿತು, ಮೂರನೆಯದು ಒಡೆಯಿತು. ಮಧುಮಾಲತಿ ಗೋಡೆ ಬಿಡಲಿಲ್ಲ, ಎಳೆದರು. ಹೊಸೆದ ಹಗ್ಗಗಳು ಒಂದೊಂದಾಗಿ ಹರಿದು ಮೂರು ಬಣ್ಣದ ಹೂಗಳ ಸಮೇತ ಬಳ್ಳಿ ಪೊಲೀಸರ ಬೂಟಿನ ಮೇಲೆ ಬಿತ್ತು. ಮೂರು ವರ್ಷ ಸಾಕಿದ ಬಳ್ಳಿ. ತಾರವ್ವನಿಗೆ ಅದಕ್ಕಾಗಿ ಅಳಲು ಪುರಸೊತ್ತಿರಲಿಲ್ಲ, ಅವಳ ಕಣ್ಣು ಗಂಡನ ಮೇಲೇ ಇತ್ತು.

ಐದರಲ್ಲೂ ಮಣ್ಣು, ಉಸುಕು, ಬೇರು. ಆಮೇಲೆ ಮನೆ ಹೊಕ್ಕರು. ಮಗ್ಗದ ಕೋಣೆಯ ಗೂಡಿನ ಮುಂದೆ ಹವಾಲ್ದಾರ ನಿಂತ. ಗೂಡು ಖಾಲಿ, ಆದರೆ ಗೋಡೆಯ ಮೇಲಿಂದ ಇಳಿದ ಇರುವೆಗಳ ಸಾಲು ಅಲ್ಲೇ ಸುತ್ತುತ್ತಿತ್ತು. ಇಲ್ಲಿ ಏನಿತ್ತು ಎಂದು ಕೇಳಿದ. ಮುರಗೆಪ್ಪ ಖಾಲಿ ಗೂಡನ್ನು ನೋಡಿ ಬಾಯಿ ತೆರೆದವನು ತಾರವ್ವನ ಕಡೆ ನೋಡಿದ. ಅವಳು ನೆಲ ನೋಡಿದಳು. ಏನಿಲ್ಲರಿ ಎಂದ ಅವನು.

ಬೇರೇನೂ ಕೇಳದೆ ಹವಾಲ್ದಾರ ಮೂಗು ಎತ್ತಿಕೊಂಡು ಅಂಗಳಕ್ಕೆ ಬಂದ. ನೇರ ಚಪ್ಪರದಡಿ ಹೋಗಿ ಮುಚ್ಚಳ ಎತ್ತಿದ. ಬಾನಿಯ ತುಂಬ ನೊರೆ ಎದ್ದು ಗುಳುಗುಳು ಎನ್ನುತ್ತಿತ್ತು, ಹುಳಿಬೆಲ್ಲದ ವಾಸನೆ ಅಂಗಳಕ್ಕೆಲ್ಲ ಹೊಡೆಯಿತು. ಪಂಚರಲ್ಲಿ ಒಬ್ಬ ಮೂಗು ಮುಚ್ಚಿಕೊಂಡ. ಸಿಕ್ಕಿತು ಎಂದ ಹವಾಲ್ದಾರ. ಒಬ್ಬ ಪೊಲೀಸ ಮುರಗೆಪ್ಪನ ತೋಳು ಹಿಡಿದ.

ಇದು ಬಣ್ಣದ ಬಾನಿ ಎಂದು ಗಿರಿಮಲ್ಲಪ್ಪ ಕೈಮುಗಿದು ಹೇಳಿದ. ಬಣ್ಣವಾದರೆ ನೂಲು ಅದ್ದಿ ತೋರಿಸು, ನೀಲಿ ಬಂದರೆ ಬಿಡುತ್ತೇನೆ ಎಂದ ಹವಾಲ್ದಾರ. ಮುದುಕ ಮುಗಿದ ಕೈ ಇಳಿಸಿದ. ಬಾನಿ ಸತ್ತದ್ದು ಅವನಿಗೆ ಗೊತ್ತು. ಏಳು ದಿನ ಇನ್ನೂ ತುಂಬಿರಲಿಲ್ಲ. ಈಗ ಅದ್ದಿದರೆ ಬೂದಿ ಬರುತ್ತದೆ, ನಾನು ಬಿಟ್ಟದ್ದು ಸುಳ್ಳು ಎಂದರೆ ಮಗ ಹೋಗುತ್ತಾನೆ. ತಾರವ್ವನಿಗೆ ಗೊತ್ತಿದ್ದದ್ದು ಇನ್ನೂ ಕಡಿಮೆ. ತಾನು ಸುರಿದ ಬೆಲ್ಲ ಅದನ್ನು ಎಬ್ಬಿಸಿದೆಯೋ ಪೂರ್ತಿ ಕೊಂದಿದೆಯೋ ಅವಳಿಗೆ ತಿಳಿಯದು.

ಮುರಗೆಪ್ಪನೇ ಒಂದು ಲಡಿ ನೂಲು ತಂದ. ಒಂದು ತೋಳು ಪೊಲೀಸನ ಕೈಯಲ್ಲಿ, ಇನ್ನೊಂದರಿಂದ ನೊರೆ ಸರಿಸಿ ಅದ್ದಿದ. ಅದ್ದಿದ ಲಡಿಯನ್ನು ಅವನು ಮೆಲ್ಲಗೆ ಮೇಲೆತ್ತಿದ.

ಹಳದಿ. ವಾಂತಿಯ ಪಿತ್ತದಂಥ ಹಸಿರುಹಳದಿ.

ಎಲ್ಲ ಮುಗಿಯಿತು, ಹಾಳು ಮಾಡಿದವಳು ತಾನೇ ಎಂದುಕೊಂಡಳು ತಾರವ್ವ. ಕಟ್ಟಿರಿ ಇವನ ಕೈ ಎಂದು ಹವಾಲ್ದಾರ ಹೇಳಿದ್ದು ಎಲ್ಲೋ ದೂರದಿಂದ ಕೇಳಿತು. ಮುಖ ಗೋಡೆಗೆ ತಿರುಗಿಸಿ ಕೂತುಬಿಟ್ಟಳು. ಹಗ್ಗದ ಸದ್ದು ಬರುತ್ತದೆ ಎಂದು ಕಾದಳು. ಬಂದದ್ದು ಪಂಚರಲ್ಲೊಬ್ಬನ ದನಿ, ತಡೀರಿ ಸಾಹೇಬ್ರ, ನೋಡ್ರಿ ಎಂದು.

ತಿರುಗಿ ನೋಡಿದರೆ ಮುರಗೆಪ್ಪ ಲಡಿಯನ್ನು ಗಾಳಿಗೆ ಬಿಡಿಸಿ ಹಿಡಿದಿದ್ದ. ಹಳದಿ ಅಂಚಿನಿಂದ ಕರಗುತ್ತಿತ್ತು. ಹಸಿರಾಯಿತು, ಹಸಿರು ಕಡುವಾಯಿತು, ನೋಡನೋಡುತ್ತ ಇಡೀ ಲಡಿ ನೀಲಿಯಾಯಿತು. ಬಾನಿ ಬದುಕಿದ್ದಾಗ ನೂಲು ಹಳದಿಯಾಗಿಯೇ ಮೇಲೆ ಬರುತ್ತದೆ, ಗಾಳಿ ಉಂಡ ಮೇಲೆ ನೀಲಿ ಎಂದು ಆ ಮನೆಯ ಗಂಡಸರಿಗೆ ಗೊತ್ತಿತ್ತು. ಆರು ವರ್ಷ ಮುಚ್ಚಳ ಎತ್ತಗೊಡದ ಹೆಂಗಸಿಗೆ ಅದನ್ನು ಹೇಳಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಹವಾಲ್ದಾರ ಲಡಿಯನ್ನು ನೀರಲ್ಲಿ ಹಿಂಡಿಸಿದ, ಬಣ್ಣ ಬಿಡಲಿಲ್ಲ. ಮುಖ ಗಂಟಿಕ್ಕಿ, ಸುಳ್ಳು ಸುದ್ದಿ ಕೊಟ್ಟವನನ್ನು ನೋಡಿಕೊಳ್ಳುತ್ತೇನೆ ಎಂದು ಗೊಣಗುತ್ತ ಒಡೆದ ಹರವಿಗಳನ್ನು ದಾಟಿ ಹೊರಟ. ಅವನ ಹಿಂದೆ ಪೊಲೀಸರಿಬ್ಬರೂ ಹೋದರು.

ಗಿರಿಮಲ್ಲಪ್ಪ ಬಾನಿಯ ಮುಂದೆ ಅಡ್ಡಬಿದ್ದ. ಎದ್ದವನ ಕಣ್ಣಲ್ಲಿ ನೀರು. ಸರಕಾರವೇ ನಂಬಿತು, ಅದಕ್ಕೇ ಏಳು ದಿನ ತುಂಬುವ ಮೊದಲೇ ಬಾನಿ ಎದ್ದಿತು, ಅಪ್ಪನ ಮೊಸಳೆಯೂ ಇಷ್ಟು ಕೆಲಸ ಮಾಡಿರಲಿಲ್ಲ ಎಂದು ಪಂಚರ ಮುಂದೆ ಹೆಮ್ಮೆಯಿಂದ ಹೇಳಿಕೊಂಡ. ಇನ್ನು ಮೇಲೆ ಇಂಥದೇ ಸುಳ್ಳು ಬಿಡಬೇಕು, ಪೊಲೀಸರು ಓಡಿಬರುವಂಥದು ಎಂದ.

ಅದನ್ನು ಕೇಳಿ ತಾರವ್ವನಿಗೆ ಮುಂದಿನದು ಕಣ್ಣಿಗೆ ಕಟ್ಟಿತು. ಬಾನಿ ಮತ್ತೆ ಕೆಡುತ್ತದೆ. ಮುದುಕ ಮತ್ತೆ ರುಮಾಲು ಸುತ್ತಿಕೊಳ್ಳುತ್ತಾನೆ. ಆ ಸಲ ಮುರಗೆಪ್ಪನ ಕೈಗೆ ಹಗ್ಗ ಬೀಳುತ್ತದೆ. ಅವಳು ಎದ್ದು ನಿಂತಳು.

"ಸುಳ್ಳಿನಿಂದ ಅಲ್ರಿ ಮಾವಾರ. ನಾನ ಮುಚ್ಚಳಾ ತಗದು ಬೆಲ್ಲಾ ಹಾಕೀನಿ. ಎರಡೂ ಪೆಂಟಿ. ಅದಕ್ಕ ಬಾನಿ ಎದ್ದೈತಿ."

ಏಟು ಬೀಳುತ್ತದೆ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು. ಕೇಳಿದ್ದು ನಗು. ಗಿರಿಮಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಪಂಚರೂ ನಗುತ್ತಿದ್ದರು.

"ಹೆಣ್ಣಮಗಳು ಮುಟ್ಟಿ ಬಾನಿ ಎದ್ದೀತೇನವ್ವಾ? ಇದೂ ಛಲೋ ಐತಿ ಬಿಡು. ಮುಂದಿನ ಸಲಾ ಇದನ್ನ ಬಿಡೋಣು."

ಅವರು ನಗುತ್ತಲೇ ಓಣಿಗಿಳಿದರು. ನಗದೆ ನಿಂತವನು ಮುರಗೆಪ್ಪ ಒಬ್ಬನೇ. ತಾರವ್ವ ಒಡೆದ ಹರವಿಗಳ ನಡುವೆ ಕೂತಳು, ಅವನು ಬಂದು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. ಒದ್ದೆ ಚಿಂದಿ ತೆಗೆದು ಮಧುಮಾಲತಿಯ ಬೇರಿಗೆ ಸುತ್ತತೊಡಗಿದ. ಅವನ ಬೆರಳುಗಳು ನೀಲಿಯಾಗಿದ್ದವು. ಇವರೊಬ್ಬರು ನನ್ನನ್ನು ನಂಬಿದ್ದಾರೆ ಎಂದು ಅವಳಿಗೆ ತಿಳಿಯಿತು, ಎದೆ ತುಸು ಹಗುರಾಯಿತು. ಅವನು ತಲೆ ಎತ್ತದೆ ಪಿಸುಗುಟ್ಟಿದ.

"ಬೆಲ್ಲದ ಮಾತು ಮತ್ತ ಆಡಬ್ಯಾಡ. ಏಳು ದಿನಾ ತುಂಬಿಲ್ಲ, ನೀ ಮುಚ್ಚಳಾ ತಗದಿದ್ದು ಬಾನಿ ಕೇಳಿಸ್ಕೊಂತೈತಿ. ನನಗ ಸಾಯಾಕ ಹೆದರಿಕಿ ಆಕ್ಕೈತಿ."